ತಂದೆಯಿಂದ ಬಂದ ಬ್ಯಾಂಡ್: ಅನನಾಸೀ ನೊಣಗಳ ವೊಲ್ಬಾಕಿಯಾ ತೆಗೆದ ನನ್ನ ಅನುಭವ

ನನ್ನ ಹಣ್ಣಿನ ನೊಣಗಳ, ಅಂದರೆ ಡ್ರಾಸೊಫಿಲಾ ಅನನಾಸೀ ಸ್ಟಾಕ್‌ನಲ್ಲಿ ವೊಲ್ಬಾಕಿಯಾ (ಕೀಟಗಳ ಜೀವಕೋಶದೊಳಗೆ ಬದುಕುವ ಬ್ಯಾಕ್ಟೀರಿಯಾ) ಉಳಿದಿಲ್ಲ ಎಂದು ನಾನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಟೆಟ್ರಾಸೈಕ್ಲಿನ್ ತಿಂದು ನಾಲ್ಕು ತಲೆಮಾರು ಕಳೆದ ನೊಣಗಳಲ್ಲೂ, ಪಿಸಿಆರ್ ಪರೀಕ್ಷೆಯಲ್ಲಿ ವೊಲ್ಬಾಕಿಯಾದ ಒಂದು ಜೀನನ್ನು ಹಿಡಿಯುವ ಡಿಎನ್‌ಎ ತುಣುಕುಗಳಾದ ಡಬ್ಲ್ಯೂಎಸ್‌ಪಿ ಪ್ರೈಮರ್‌ಗಳು ಸುಮಾರು 600 ಬೇಸ್‌ಜೋಡಿಗಳ ಬ್ಯಾಂಡನ್ನು (ಜೆಲ್ ಮೇಲಿನ ಡಿಎನ್‌ಎ ಗೆರೆಯನ್ನು) ಕೊಡುತ್ತಲೇ ಇದ್ದುದರಿಂದ, ಔಷಧಿ ಕೆಲಸ ಮಾಡಿಲ್ಲ ಇಲ್ಲವೇ ನನ್ನ ಪಿಪೆಟ್ ಶುದ್ಧವಾಗಿಲ್ಲ ಎಂಬುದೇ ಎಲ್ಲರ ತೀರ್ಮಾನವಾಗಿತ್ತು. ಎರಡೂ ಸರಿಯಲ್ಲ ಎಂದು ತೋರಿಸಲು ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. ರವೆ, ಬೆಲ್ಲ, ಅಗರ್ ಕುದಿಸಿ ಮಾಡುವ ನಮ್ಮ ಎಂದಿನ ಆಹಾರಕ್ಕೆ ಶೇಕಡಾ 0.025ರಷ್ಟು ಔಷಧಿ ಬೆರೆಸಿ ಆರಂಭಿಸಿದೆ. ಬ್ಯಾಂಡ್ ಹೋಗಲಿಲ್ಲವೆಂದು ಪ್ರಮಾಣವನ್ನು ಎರಡು ಪಟ್ಟು, ಮೂರು ಪಟ್ಟು ಮಾಡಿದೆ. ಮೂರು ಪಟ್ಟಾದಾಗ ಮರಿಹುಳುಗಳು ಪ್ಯೂಪಾ ಆಗುವುದು ಐದಾರು ದಿನ ತಡವಾಯಿತು, ಹೆಣ್ಣುಗಳು ಮೊಟ್ಟೆ ಇಡುವುದನ್ನೇ ಬಹುಪಾಲು ನಿಲ್ಲಿಸಿದವು, ಎರಡು ಲೈನ್‌ಗಳು (ಬೇರೆಬೇರೆಯಾಗಿ ಸಾಕುವ ನೊಣವಂಶಗಳು) ಸಂಪೂರ್ಣ ನಾಶವಾದವು. ಆಹಾರ ತೀರಾ ಬಿಸಿಯಿರುವಾಗಲೇ ಔಷಧಿ ಬೆರೆಸುತ್ತಿದ್ದುದೂ ನನ್ನ ತಪ್ಪೇ ಆಗಿತ್ತು. ಎಷ್ಟು ಆರಿದ ಮೇಲೆ, ಯಾವ ಕ್ರಮದಲ್ಲಿ ಬೆರೆಸಬೇಕೆಂಬ ಹದ ಈಗ ನನ್ನ ಕೈಯಲ್ಲಿದೆ. ನನ್ನ ವಿದ್ಯಾರ್ಥಿನಿಯ ಪ್ರಬಂಧ ಮುಗಿಯುವವರೆಗೆ ಅದನ್ನು ಇಲ್ಲಿ ಬರೆಯುವುದಿಲ್ಲ. ಡಿಎನ್‌ಎ ನಕಲಿಸುವ ಟ್ಯಾಕ್ ಕಿಣ್ವ, ಪ್ರೈಮರ್, ಸೀಕ್ವೆನ್ಸಿಂಗ್ ಎಲ್ಲ ಸೇರಿ ಆ ವರ್ಷ ಎಪ್ಪತ್ತು ಸಾವಿರ ರೂಪಾಯಿಗಳ ಮೇಲೆ ಖರ್ಚಾಗಿರಬೇಕು, ಅದರಲ್ಲಿ ಮೂರನೇ ಒಂದು ಭಾಗ ನನ್ನ ಸಂಬಳದಿಂದಲೇ ಹೋಯಿತು.

ದಾರಿ ತೋರಿಸಿದ್ದು ಒಂದು ಜೆಲ್. ಔಷಧಿ ತಿನ್ನದ ನೊಣಗಳ ಬ್ಯಾಂಡ್ ದಟ್ಟವಾಗಿ ಹೊಳೆಯುತ್ತಿತ್ತು, ತಿಂದವುಗಳದ್ದು ಮಸುಕಾಗಿತ್ತು. ಆದರೆ ಎರಡನೆಯ ತಲೆಮಾರಿನಲ್ಲಿ ಎಷ್ಟು ಮಸುಕಾಗಿತ್ತೋ ಆರನೆಯದರಲ್ಲೂ ಅಷ್ಟೇ ಇತ್ತು. ಸಾಯುತ್ತಿರುವ ಬ್ಯಾಕ್ಟೀರಿಯಾ ಹೀಗೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಸಂಶೋಧಕಿ ಜೂಲಿ ಡನಿಂಗ್ ಹಾಟಾಪ್ ಮತ್ತು ಸಂಗಡಿಗರು 2007ರಲ್ಲೇ ತೋರಿಸಿದ್ದರು: ಅನನಾಸೀಯ ಕೆಲವು ಲೈನ್‌ಗಳಲ್ಲಿ ವೊಲ್ಬಾಕಿಯಾದ ಬಹುತೇಕ ಇಡೀ ಜೀನೋಮ್, ಹತ್ತು ಲಕ್ಷಕ್ಕೂ ಹೆಚ್ಚು ಬೇಸ್‌ಜೋಡಿಗಳು, ನೊಣದ ವರ್ಣತಂತುವಿನೊಳಗೇ ಸೇರಿಕೊಂಡಿದೆ. ಹಾಗಿದ್ದರೆ ನಾನು ಬ್ಯಾಕ್ಟೀರಿಯಾವನ್ನು ಎಂದೋ ಕೊಂದಿದ್ದೆ, ನೊಣದ ಸ್ವಂತ ಡಿಎನ್‌ಎಯನ್ನು ಮತ್ತೆ ಮತ್ತೆ ಅಳೆಯುತ್ತಿದ್ದೆ.

ವೊಲ್ಬಾಕಿಯಾ ತಾಯಿಯಿಂದ ಮೊಟ್ಟೆಯ ಮೂಲಕ ಮಾತ್ರ ದಾಟುತ್ತದೆ, ವರ್ಣತಂತು ತಂದೆಯಿಂದಲೂ ಬರುತ್ತದೆ. ಆದ್ದರಿಂದ ಎಂದೂ ಬ್ಯಾಂಡ್ ಕೊಡದ ಒಂದು ಲೈನ್‌ನ ವರ್ಜಿನ್ ಹೆಣ್ಣುಗಳಿಗೆ ಔಷಧಿ ತಿಂದ ಲೈನ್‌ನ ಗಂಡುಗಳನ್ನು ಕೂಡಿಸಿದೆ. ಮರಿಗಳೆಲ್ಲವೂ ಬ್ಯಾಂಡ್ ಕೊಟ್ಟವು. ಆ ಮರಿಗಳಲ್ಲಿ ಗಂಡುಗಳನ್ನು ಆರಿಸಿ ಮತ್ತೆ ಅದೇ ಬ್ಯಾಂಡಿಲ್ಲದ ಲೈನ್‌ನ ಹೆಣ್ಣುಗಳಿಗೆ ಕೂಡಿಸಿದಾಗ, ನೆನಪಿರುವಂತೆ ನಲವತ್ತೇಳು ಮೊಮ್ಮಕ್ಕಳಲ್ಲಿ ಇಪ್ಪತ್ತೆರಡಕ್ಕೆ ಬ್ಯಾಂಡ್ ಬಂತು, ಉಳಿದವಕ್ಕೆ ಬರಲಿಲ್ಲ. ಬಾರದ ಪ್ರತಿಯೊಂದರಲ್ಲೂ ನೊಣದ ಸ್ವಂತ ಸಿಓಐ ಜೀನಿನ ಪ್ರೈಮರ್‌ನಿಂದ ಡಿಎನ್‌ಎ ಚೆನ್ನಾಗಿದೆಯೆಂದು ಖಚಿತಪಡಿಸಿಕೊಂಡೆ. ಈ ಕಂಟ್ರೋಲ್ ಇಲ್ಲದ ಶೂನ್ಯ ಫಲಿತಾಂಶವನ್ನು ನಾನು ಯಾರಿಂದಲೂ ಸ್ವೀಕರಿಸುವುದಿಲ್ಲ. ಹೆಚ್ಚುಕಡಿಮೆ ಅರ್ಧಕ್ಕರ್ಧ, ಮೆಂಡೆಲ್ ಹೇಳಿದ ಹಾಗೆಯೇ.

ಇಷ್ಟಾದರೂ, ಗಂಡಿನಿಂದ ಒಂದಿಷ್ಟು ಬ್ಯಾಕ್ಟೀರಿಯಾ ದಾಟಿರಬಹುದು ಎಂದು ಹಿರಿಯರೊಬ್ಬರು ಪಟ್ಟು ಹಿಡಿದರು. ಅಂಡಾಶಯಗಳನ್ನು ಬಿಡಿಸಿ, ಡಿಎನ್‌ಎಯನ್ನು ನೀಲಿಯಾಗಿ ಹೊಳೆಯಿಸುವ ಡ್ಯಾಪಿ ಬಣ್ಣ ಹಾಕಿ ಅವರನ್ನೇ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಔಷಧಿ ತಿನ್ನದ ನೊಣದಲ್ಲಿ ದೊಡ್ಡ ನ್ಯೂಕ್ಲಿಯಸ್‌ಗಳ ಸುತ್ತ ಕೋಶದ್ರವ್ಯದ ತುಂಬ ಸಣ್ಣ ನೀಲಿ ಚುಕ್ಕೆಗಳು ರಾಗಿ ಚೆಲ್ಲಿದಂತೆ ಕಂಡವು. ತಿಂದ ನೊಣದಲ್ಲಿ ನ್ಯೂಕ್ಲಿಯಸ್‌ಗಳಷ್ಟೇ ಇದ್ದವು. ಅವರು ಮೂರು ಸ್ಲೈಡ್ ನೋಡಿ, ನಾಲ್ಕನೆಯದನ್ನು ಕೇಳಲಿಲ್ಲ.

ಇದರ ನಡುವೆ ಮೈಟೊಕಾಂಡ್ರಿಯಾದತ್ತಲೂ ಗಮನ ಹರಿಯಿತು. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಭಾಗವೂ ವೊಲ್ಬಾಕಿಯಾದಂತೆ ತಾಯಿಯಿಂದಲೇ ಬರುತ್ತದೆ. ಸೋಂಕಿರುವ ಗಂಡು ಸೋಂಕಿಲ್ಲದ ಹೆಣ್ಣನ್ನು ಕೂಡಿದರೆ ಬಹಳಷ್ಟು ಮೊಟ್ಟೆಗಳು ಒಡೆಯದೆ ಸಾಯುವುದರಿಂದ, ಸೋಂಕಿರುವ ತಾಯಂದಿರ ವಂಶ ಬೇಗ ಹರಡುತ್ತದೆ, ಅವರ ಮೈಟೊಕಾಂಡ್ರಿಯಾವೂ ಜೊತೆಗೇ ಹರಡುತ್ತದೆ. ಕ್ಯಾಲಿಫೋರ್ನಿಯಾದ ಡ್ರಾಸೊಫಿಲಾ ಸಿಮ್ಯುಲಾನ್ಸ್ ನೊಣಗಳಲ್ಲಿ ಈ ಸೋಂಕಿನ ಅಲೆ ವರ್ಷಕ್ಕೆ ಸುಮಾರು 100 ಕಿಲೋಮೀಟರ್ ಸಾಗಿದ್ದನ್ನು ಟ್ಯುರೆಲ್ಲಿ ಮತ್ತು ಹಾಫ್‌ಮನ್ 1991ರಲ್ಲಿ ವರದಿ ಮಾಡಿದ್ದರು. ನನ್ನ ಹದಿನೆಂಟು ಲೈನ್‌ಗಳ ಸಿಓಐ (ಇದು ಮೈಟೊಕಾಂಡ್ರಿಯಾದ ಜೀನ್) ಓದಿಸಿ ನೋಡಿದಾಗ ಸೋಂಕಿದ್ದವುಗಳ ನಡುವೆ ವ್ಯತ್ಯಾಸ ತೀರಾ ಕಡಿಮೆ ಕಂಡಿತು. ಮಾದರಿ ಚಿಕ್ಕದು, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಆದರೆ ವೊಲ್ಬಾಕಿಯಾ ಪರೀಕ್ಷಿಸದೆ ಮೈಟೊಕಾಂಡ್ರಿಯಾ ಒಂದರಿಂದಲೇ ಕೀಟಗಳ ವಂಶವೃಕ್ಷ ಬರೆಯುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಔಷಧಿ ನಿಲ್ಲಿಸಿದ ಮೇಲೆ ನಾಲ್ಕು ತಲೆಮಾರು ಸಾದಾ ಆಹಾರದಲ್ಲಿ ಬೆಳೆಸಿ, ತಂದೆಯ ಪರೀಕ್ಷೆ, ಡ್ಯಾಪಿ ಎರಡನ್ನೂ ದಾಟಿದ ಲೈನ್‌ಗಳು ಈಗ ನನ್ನ ಬಳಿ ಐದು ಇವೆ. ಅವುಗಳ ಬಾಟಲಿಗಳ ಮೇಲೆ ‘ಬ್ಯಾಂಡ್ ಇದೆ, ಬ್ಯಾಕ್ಟೀರಿಯಾ ಇಲ್ಲ’ ಎಂದು ಬರೆದಿಟ್ಟಿದ್ದೇನೆ.