ಅಂಚಿನ ಕೆಂಪು ಪಟ್ಟಿ

ಕಮೊಡೋರ್ 64 ಎಂಬ ಹಳೆಯ ಮನೆ-ಕಂಪ್ಯೂಟರಿಗೆಂದು ನಾನು ಬರೆಯಲು ಹೊರಟ ಆ್ಯಕ್ಷನ್ ಗೇಮ್ ಇವತ್ತಿಗೂ ಅರ್ಧಕ್ಕೇ ನಿಂತಿದೆ. ಇರುವುದು ಒಂದೇ ಲೆವೆಲ್, ಸದ್ದಿಲ್ಲ. ಶತ್ರುಗಳು ಸಾಯುತ್ತಾರೆ, ನಾಯಕ ಸಾಯುವುದಿಲ್ಲ. ಆ ಭಾಗ ಇನ್ನೂ ಬರೆದಿಲ್ಲ. ಹಿನ್ನೆಲೆ ಮಾತ್ರ ಒಂದು ಚೂರೂ ನಡುಗದೆ ಜಾರುತ್ತದೆ. ಮೂರು ತಿಂಗಳು ಅದಕ್ಕೇ ಹೋಯಿತು.

ಶುರು ಸಲೀಸಾಗಿತ್ತು. 1982ರ ಈ ಯಂತ್ರದಲ್ಲಿ ಪರದೆಯ ಚಿತ್ರ ಬಿಡಿಸುವ ವಿಕ್-2 ಚಿಪ್ ಎಂಟು ಸ್ಪ್ರೈಟ್‌ಗಳನ್ನು, ಅಂದರೆ ಹಿನ್ನೆಲೆಯ ಮೇಲೆ ಓಡಾಡುವ ಪುಟ್ಟ ಚಿತ್ರಗಳನ್ನು, ತಾನೇ ಬಿಡಿಸುತ್ತದೆ. ಒಂದೊಂದೂ 24 ಪಿಕ್ಸೆಲ್ ಅಗಲ, 21 ಎತ್ತರ, 63 ಬೈಟ್. ಒಂದೇ ಸಂಜೆಯಲ್ಲಿ ನಾಯಕ ಪರದೆಗೆ ಬಂದ. ಬಲಕ್ಕೆ ಓಡಿಸಿದರೆ ಮುಕ್ಕಾಲು ದಾರಿ ಹೋಗಿ ಮಾಯವಾಗಿ ಎಡತುದಿಯಲ್ಲಿ ಪ್ರತ್ಯಕ್ಷ! ಒಂದು ಬೈಟ್ ಎಣಿಸುವುದು 255ರವರೆಗೆ, ಪರದೆಯ ಅಗಲ 320 ಪಿಕ್ಸೆಲ್. ಅದಕ್ಕೂ ಆಚೆ ಎಣಿಸಲು ಬೇಕಾದ, ಎಂಟೂ ಸ್ಪ್ರೈಟ್‌ಗಳ ಒಂಬತ್ತನೇ ಬಿಟ್‌ಗಳು ಮೆಮೊರಿಯ 53264ನೇ ವಿಳಾಸದಲ್ಲಿ ಒಟ್ಟಿಗೆ ಕೂತಿರುತ್ತವೆ. ಅದನ್ನು ಮರೆತಿದ್ದೆ.

ಡಿಕ್ಕಿಯ ವಿಷಯದಲ್ಲಿ ಎರಡು ರಾತ್ರಿ ಹಾಳಾಯಿತು. ಸ್ಪ್ರೈಟ್‌ಗಳು ಒಂದನ್ನೊಂದು ತಾಗಿದರೆ 53278ರಲ್ಲಿ ತಿಳಿಯುತ್ತದೆ. ಗುಂಡಿಗೆ ಒಮ್ಮೆ, ಶತ್ರುವಿಗೆ ಇನ್ನೊಮ್ಮೆ ಓದುತ್ತಿದ್ದೆ. ಎರಡನೇ ಸಲ ಯಾವಾಗಲೂ ಸೊನ್ನೆ. ಆ ರಿಜಿಸ್ಟರ್ (ಚಿಪ್ಪಿನ ಪುಟ್ಟ ಖಾನೆ) ಓದಿದ ಕೂಡಲೇ ಅಳಿಸಿಹೋಗುತ್ತದೆ! ಒಮ್ಮೆ ಓದಿ ಎತ್ತಿಟ್ಟುಕೊಂಡರೂ ಯಾರು ಯಾರಿಗೆ ತಾಗಿದರು ಎಂದು ಅದು ಹೇಳುವುದಿಲ್ಲ. ಕೊನೆಗೆ ಅದನ್ನು ಕೈಬಿಟ್ಟು ಸ್ಪ್ರೈಟ್‌ಗಳ ಸುತ್ತಲ ಚೌಕಗಳು ಒಂದರ ಮೇಲೊಂದು ಬಿದ್ದವೇ ಎಂದು ಲೆಕ್ಕ ಹಾಕಿಯೇ ನೋಡಿದೆ.

ನಿಜವಾದ ಜಗಳ ಸ್ಕ್ರೋಲ್‌ನದು, ಹಿನ್ನೆಲೆ ಜಾರಿಸುವುದರದು. ಹಿನ್ನೆಲೆಯನ್ನು ಏಳು ಪಿಕ್ಸೆಲ್‌ವರೆಗೆ ಚಿಪ್ಪೇ ಸರಿಸುತ್ತದೆ. ಎಂಟನೆಯದಕ್ಕೆ, ಹಿನ್ನೆಲೆಯನ್ನು ಕಟ್ಟಿರುವ ಇಡೀ ಪರದೆಯ ಅಕ್ಷರಗಳನ್ನು ಒಂದು ಮನೆ ಎಡಕ್ಕೆ ಹೊರಬೇಕು: 25 ಸಾಲು, ಸಾಲಿಗೆ 39. ಲೂಪ್ ಬಿಚ್ಚಿ, ಪ್ರತಿ ಬೈಟಿಗೂ ಬೇರೆ ಬೇರೆ ಆದೇಶ ಬರೆದರೂ ಬೈಟಿಗೆ 8 ಸೈಕಲ್ (ಪ್ರೊಸೆಸರಿನ ಗಡಿಯಾರದ ಮಿಡಿತ), ಒಟ್ಟು 7800. ಬಣ್ಣಗಳಿಗೆ ಮತ್ತೆ ಅಷ್ಟೇ. ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಒಂದು ಫ್ರೇಮಿಗೆ, ಅಂದರೆ ಪರದೆಯನ್ನು ಒಮ್ಮೆ ಬಿಡಿಸುವಷ್ಟು ಹೊತ್ತಿಗೆ, ಸಿಗುವುದು 19656 ಸೈಕಲ್. ಅದರಲ್ಲೂ ಸುಮಾರು ಸಾವಿರವನ್ನು ಅಕ್ಷರ ಓದಲು ಚಿಪ್ಪೇ ಕಿತ್ತುಕೊಳ್ಳುತ್ತದೆ. ಆಟ ನಡೆಸಲು ಉಳಿಯುವುದು ಚಿಲ್ಲರೆ.

ಸಮಯ ಅಳೆಯಲು ಹಳೆಯ ಉಪಾಯವೊಂದಿದೆ, ನನಗೆ ಯಾವ ಡೀಬಗರ್‌ಗಿಂತಲೂ ಅದೇ ಇಷ್ಟ. ಕೆಲಸ ಶುರುವಾಗುವಾಗ 53280ಕ್ಕೆ 2 ಬರೆದರೆ ಪರದೆಯ ಅಂಚು ಕೆಂಪಾಗುತ್ತದೆ. ಮುಗಿದಾಗ 0 ಬರೆದರೆ ಕಪ್ಪು. ಟಿವಿಯ ಕಿರಣ ಪರದೆಯನ್ನು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಡಿಸುತ್ತದೆ, ಹಾಗಾಗಿ ಕೆಂಪು ಪಟ್ಟಿ ಎಷ್ಟು ಉದ್ದವೋ ಅಷ್ಟು ಹೊತ್ತು ಹಿಡಿಯಿತು ಎಂದರ್ಥ. ಪ್ರತಿ ಎಂಟನೇ ಪಿಕ್ಸೆಲ್‌ಗೆ ನನ್ನ ಪಟ್ಟಿ ಮೇಲಿಂದ ಕೆಳಕ್ಕೆ ಹರಿದು ಮುಂದಿನ ಫ್ರೇಮಿನ ನೆತ್ತಿಗೂ ಹತ್ತುತ್ತಿತ್ತು. ನಾಯಕ ಮುಗ್ಗರಿಸುತ್ತಿದ್ದ.

ಕೆಲಸವನ್ನು ಹಂಚಿದೆ. ವೇಗ ಫ್ರೇಮಿಗೆ ಎರಡು ಪಿಕ್ಸೆಲ್, ಹಾಗಾಗಿ ನಾಲ್ಕು ಫ್ರೇಮಿನ ಬಿಡುವಿದೆ. ಮೊದಲ ಮೂರರಲ್ಲಿ ಅಕ್ಷರಗಳನ್ನು ಕಾಣದ ಇನ್ನೊಂದು ಪರದೆಗೆ ಹೊತ್ತು, ನಾಲ್ಕನೆಯದು ಮುಗಿದಾಗ ಪರದೆ ಬದಲಾಯಿಸಿದರಾಯಿತು. ಬಣ್ಣಗಳಿಗೆ ಈ ಸುಖವಿಲ್ಲ. ಅವುಗಳ ಜಾಗ 55296ರಿಂದ, ಅಲ್ಲಿಂದ ಅಲುಗಾಡುವುದಿಲ್ಲ. ಹಾಗಾಗಿ ನಾಲ್ಕನೇ ಫ್ರೇಮಿನಲ್ಲಿ ಕಿರಣ ಪರದೆಯ ನಡುವನ್ನು ದಾಟುವವರೆಗೆ ಕಾದು, ಅದರ ಬೆನ್ನ ಹಿಂದೆ ಮೇಲರ್ಧದ ಬಣ್ಣ ಸರಿಸಿ, ಆಮೇಲೆ ಕೆಳಗಿನದಕ್ಕೆ ಕೈಹಾಕಿದೆ. ಒಂದು ಸಾಲು ಬಿಡಿಸಲು ಕಿರಣಕ್ಕೆ ಎಂಟು ಗೆರೆಯ ಹೊತ್ತು ಬೇಕು, ನನಗೆ ಸುಮಾರು ಐದು ಸಾಕು. ನಾನೇ ಚುರುಕು, ಆದರೆ ತಡವಾಗಿ ಹೊರಟದ್ದರಿಂದ ಅದನ್ನು ಹಿಡಿಯುವಷ್ಟರಲ್ಲಿ ಪರದೆಯೇ ಮುಗಿದಿರುತ್ತದೆ. ಬೇಕಾದದ್ದೂ ಅದೇ. ಈ ಬಿಚ್ಚಿಟ್ಟ ಕೋಡ್ 17 ಕಿಲೋಬೈಟ್ ನುಂಗಿತು. ಇರುವ 64 ಕಿಲೋಬೈಟ್ ಮೆಮೊರಿಯಲ್ಲಿ 17, ಬರೀ ಹೊರೆ ಹೊರಲು!

ನಿಂತದ್ದು ಒಂಬತ್ತನೇ ಸ್ಪ್ರೈಟಿನಲ್ಲಿ. ಚಿಪ್ ಬಿಡಿಸುವುದು ಎಂಟನ್ನೇ. ಕಿರಣ ದಾಟಿದ ಸ್ಪ್ರೈಟನ್ನೇ ಕೆಳಗೆ ಮತ್ತೆ ಬಳಸಬಹುದು, ಎತ್ತರದ ಪ್ರಕಾರ ಜೋಡಿಸಿಟ್ಟುಕೊಂಡರೆ ಸಾಕು. ಆದರೆ ಅದಕ್ಕೆ ಬೇಕಾದ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸುವ ಕರೆ) ಸರಿಯಾಗಿ ಬಣ್ಣ ಹೊರುವ ಹೊತ್ತಿಗೇ ಬಂದು ಬಾಗಿಲು ಬಡಿಯುತ್ತದೆ. ಒಂಬತ್ತನೆಯವನ ಕಾಲು ಮಿನುಗುತ್ತಿದೆ. ಅಂಚಿನ ಕೆಂಪು ಪಟ್ಟಿಯನ್ನು ನಾನಿನ್ನೂ ತೆಗೆದಿಲ್ಲ.