ಅಳಿಯನ ಸಹಿ ನಡೆಯಲ್ಲ: ಅಮೆರಿಕದಲ್ಲಿ ಸೇನಾ ದಾಖಲೆ ತರಿಸುವವರಿಗೆ

ನನ್ನ ಮಾವ ಅಮೆರಿಕದ ಸೇನೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಅತ್ತೆಗೆ ಡಿಡಿ 214 ಬೇಕಾಯಿತು. ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಕಾಗದ ಅದು. ಮನೆಯೆಲ್ಲ ಹುಡುಕಿದರೂ ಸಿಗಲಿಲ್ಲ.

ಮೊದಲು ಒಂದು ವೆಬ್‌ಸೈಟಿಗೆ ದುಡ್ಡು ಕಟ್ಟಿದೆ. ದಂಡ. ಮಾಜಿ ಸೈನಿಕರಿಗೂ ಹತ್ತಿರದ ಸಂಬಂಧಿಕರಿಗೂ ಸೇಂಟ್ ಲೂಯಿಸ್‌ನ ಸರ್ಕಾರಿ ದಾಖಲೆ ಕೇಂದ್ರ ಇದನ್ನು ಪುಕ್ಕಟೆ ಕೊಡುತ್ತದೆ. ಆಮೇಲೆ ಸೇನಾ ದಾಖಲೆ ಕೇಳುವ ಎಸ್‌ಎಫ್ 180 ಫಾರ್ಮ್ ನಾನೇ ತುಂಬಿದೆ. ವಯಸ್ಸಾದವರಿಗೆ ಯಾಕೆ ತೊಂದರೆ ಅಂತ ಸಹಿಯನ್ನೂ ನಾನೇ ಹಾಕಿದೆ. ವಾರಗಟ್ಟಲೆ ಕಾದ ಮೇಲೆ ವಾಪಸ್ ಬಂತು. ಮೊನ್ನೆ ಇನ್ನೊಬ್ಬ ಕನ್ನಡದ ಹುಡುಗನಿಗೂ ಇದೇ ಆಯ್ತು.

ನಮ್ಮಲ್ಲಿ ಅಳಿಯ ಅಂದರೆ ಮನೆಮಗ, ಅಲ್ವಾ? ಈ ಫಾರ್ಮಿಗೆ ಅಲ್ಲ. ತೀರಿಕೊಂಡವರ ಹತ್ತಿರದ ಸಂಬಂಧಿ ಅಂದರೆ ಮರುಮದುವೆಯಾಗದ ಹೆಂಡತಿ ಅಥವಾ ಗಂಡ, ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ. ಅಷ್ಟೇ. ಸೊಸೆ ಇಲ್ಲ, ಮೊಮ್ಮಕ್ಕಳೂ ಇಲ್ಲ! ಫಾರ್ಮ್ ನೀವು ತುಂಬಿ, ನಿಮ್ಮ ವಿಳಾಸಕ್ಕೇ ತರಿಸಿಕೊಳ್ಳಿ, ಆದರೆ ಸಹಿ ಆ ಹತ್ತಿರದ ಸಂಬಂಧಿಯದ್ದೇ ಇರಲಿ. ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ ಇಡಿ. ಸೇವೆ ಬಿಟ್ಟು 62 ವರ್ಷ ದಾಟಿದ್ದರೆ ಮಾತ್ರ ಯಾರು ಬೇಕಾದರೂ ಕೇಳಬಹುದು, ಅದಕ್ಕೆ ಶುಲ್ಕವಿದೆ.

ಫಾರ್ಮಿನಲ್ಲಿ ‘ಅನ್‌ಡಿಲೀಟೆಡ್’ ಅಂತ ಒಂದು ಚೌಕವಿದೆ, ಅದಕ್ಕೇ ಗುರುತು ಹಾಕಿ. ‘ಡಿಲೀಟೆಡ್’ ಪ್ರತಿಯಲ್ಲಿ ಬಿಡುಗಡೆಯ ಕಾರಣದಂಥ ವಿವರಗಳನ್ನು ತೆಗೆದಿರುತ್ತಾರೆ. ಸೌಲಭ್ಯ ಕೇಳಲು ಹೋದಾಗ ಅದು ಸಾಮಾನ್ಯವಾಗಿ ಸಾಲುವುದಿಲ್ಲ. ಕಳಿಸಿದ ಮೇಲೆ ಸುಮ್ನೆ ಎರಡೆರಡು ಅರ್ಜಿ ಹಾಕಬೇಡಿ, ಇನ್ನೂ ತಡವಾಗುತ್ತದೆ.

ಭಾರತದಲ್ಲಿ ಬೇರೆ ಬೇರೆ ರೆಜಿಮೆಂಟಿಗೆ ಬೇರೆ ಬೇರೆ ರೆಕಾರ್ಡ್ಸ್ ಆಫೀಸು. ಇಲ್ಲಿ ಹಳಬರ ಕಡತಗಳೆಲ್ಲ ಒಂದೇ ಊರಲ್ಲಿ. ಹುಡುಕಲು ಇದೇ ಸುಲಭ ಅಂದುಕೊಂಡಿದ್ದೆ. ಆದರೆ 1973ರ ಜುಲೈ 12ರಂದು ಆ ದಾಖಲೆ ಕೇಂದ್ರದ ಕಟ್ಟಡಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತಗಳು ಹಾಳಾದವು. 1912ರ ನವೆಂಬರಿನಿಂದ 1960ರ ಆರಂಭದವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ. 80 ಹೋದವು. ಈಗ ನನಗೆ ನಮ್ಮ ಪದ್ಧತಿಯೇ ವಾಸಿ ಅನಿಸುತ್ತದೆ.

ನಿಮ್ಮವರ ಕಡತವೂ ಸುಟ್ಟಿದ್ದರೆ ಕೈಬಿಡಬೇಡಿ. ಬೇರೆ ದಾಖಲೆಗಳಿಂದ ಸೇವೆಯ ವಿವರ ಜೋಡಿಸಿಕೊಡಲು ಎನ್‌ಎ 13075 ಅನ್ನೋ ಇನ್ನೊಂದು ಫಾರ್ಮ್ ಇದೆ. ಅದರಲ್ಲಿ ಯಾವ ತುಕಡಿ, ಯಾವಾಗ, ಎಲ್ಲಿ ಅಂತ ಕೇಳುತ್ತಾರೆ. ಹಳೇ ಪತ್ರಗಳನ್ನು ತೆಗೆಯಿರಿ. ಫೋಟೋಗಳ ಹಿಂಬದಿ ನೋಡಿ, ಪೆನ್ಸಿಲಿನಲ್ಲಿ ತುಕಡಿಯ ನಂಬರ್ ಬರೆದಿದ್ದರೂ ಬರೆದಿರಬಹುದು.