ಹಳೆಯ ಬಿಎಂಡಬ್ಲ್ಯು 325ಐಗೆ ವೀಲು, ಟೈರು ಆರಿಸಿದ ಕಥೆ

ಹಳೇ ಸ್ಪೋರ್ಟ್ಸ್ ಕಾರಿಗೆ ಹೊಸ ವೀಲ್ ಹಾಕಬೇಕು ಅಂದ ತಕ್ಷಣ ಎಲ್ಲರೂ ಮೊದಲು ರಿಮ್ ಫೋಟೋ ನೋಡುತ್ತಾ ಕೂರುತ್ತಾರೆ. ನಾನು ಉಲ್ಟಾ ಹೋದೆ. ಮೊದಲು ಟೈರು ಯಾವುದು ಅಂತ ಗಟ್ಟಿ ಮಾಡಿಕೊಂಡೆ, ಆಮೇಲೆ ಅದಕ್ಕೆ ಹೊಂದುವ ರಿಮ್ ಹುಡುಕಿದೆ. ರಸ್ತೆಗೆ ತಾಗುವುದು ಟೈರು ತಾನೆ, ರಿಮ್ ಅಲ್ವಲ್ಲ.

ನನ್ನದು ಬಿಎಂಡಬ್ಲ್ಯು ಇ30, 325ಐ. ಅದರಲ್ಲಿ ಇದ್ದದ್ದು 14 ಇಂಚಿನ, 6 ಇಂಚು ಅಗಲದ, ಇಟಿ 35ರ (ಇಟಿ ಅಂದರೆ ಆಫ್‌ಸೆಟ್, ಮುಂದೆ ಹೇಳುತ್ತೇನೆ) ರಿಮ್. ಟೈರು 195/65 ಆರ್14, ಅಂದರೆ ಅಗಲ 195 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ 65 ಶೇಕಡ, ರಿಮ್ 14 ಇಂಚು. ರಿಮ್‌ಗಳು ಚೆನ್ನಾಗೇ ಇದ್ದವು. ತೊಂದರೆ ಟೈರಿನದು. 14 ಇಂಚಿನಲ್ಲಿ ಈಗ ಸಿಗುವುದು ಬಹುತೇಕ ಸಣ್ಣ ಫ್ಯಾಮಿಲಿ ಕಾರುಗಳಿಗೆ ಮಾಡಿದ ಟೈರು. ಬಾಳಿಕೆ ಜಾಸ್ತಿ, ಹಿಡಿತ ಕಡಿಮೆ, ಪಕ್ಕದ ಗೋಡೆ ಮೆತ್ತಗೆ. ಜೊತೆಗೆ ಈ ಕಾರು ಗಂಟೆಗೆ 210 ಕಿ.ಮೀ. ದಾಟಬಲ್ಲದು, ಟೈರು ತಡೆಯುವ ಗರಿಷ್ಠ ವೇಗ ಹೇಳುವ ಅಕ್ಷರಗಳಲ್ಲಿ ಎಚ್ ರೇಟಿಂಗ್ ನಿಲ್ಲುವುದೇ 210ಕ್ಕೆ. ಅಷ್ಟು ಓಡಿಸುತ್ತೇನೋ ಬಿಡುತ್ತೇನೋ ಬೇರೆ ಮಾತು, ಕಾರಿಗೆ ತಕ್ಕದ್ದು ವಿ ರೇಟಿಂಗ್, ಅಂದರೆ 240.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಕಾಲದ ಕೆಲವು ಕಾರುಗಳಲ್ಲಿ ಮಿಶೆಲಿನ್ ಟಿಆರ್‌ಎಕ್ಸ್ ರಿಮ್ ಇರುತ್ತದೆ. ಅದರ ಅಳತೆ ಇಂಚಿನಲ್ಲಿ ಇಲ್ಲ, 365 ಅಥವಾ 390 ಮಿ.ಮೀ. ಅಂತ ಇರುತ್ತದೆ. 365 ಅಂದರೆ ಸುಮಾರು 14.4 ಇಂಚು. ಅದರ ಮೇಲೆ 14ರ ಟೈರೂ ಕೂರುವುದಿಲ್ಲ, 15ರದೂ ಕೂರುವುದಿಲ್ಲ. ಹೇಗೋ ಕೂರಿಸಿಕೊಡುತ್ತೇನೆ ಅನ್ನುವವರನ್ನು ನಂಬಬೇಡಿ. ಅಂಥ ಕಾರಿದ್ದರೆ ಅದರದೇ ಟೈರು ತರಿಸಿ, ಇಲ್ಲ ನಾಲ್ಕೂ ರಿಮ್ ಬದಲಾಯಿಸಿ.

ಈಗ ಲೆಕ್ಕ. 195/65 ಆರ್14ರ ಒಟ್ಟು ವ್ಯಾಸ 609 ಮಿ.ಮೀ. 205/55 ಆರ್15 ಹಾಕಿದರೆ 606.5, ಹೆಚ್ಚೂಕಡಿಮೆ ಅಷ್ಟೇ. 195/55 ಆರ್15ಕ್ಕೆ 595.5. 205/50 ಆರ್15ಕ್ಕೆ 586. 195/50 ಆರ್15 ಅಂತೂ 576ಕ್ಕೆ ಇಳಿಯುತ್ತದೆ, ಅದು ಈ ಕಾರಿಗೆ ತೀರಾ ಗಿಡ್ಡ. ಬರೀ ವ್ಯಾಸ ನೋಡಿದರೆ 205/55 ಗೆಲ್ಲಬೇಕು. ಆದರೆ ನಾನು ತೆಗೆದುಕೊಂಡದ್ದು 205/50. ಗಟ್ಟಿ ಹಿಡಿತದ ಸ್ಪೋರ್ಟ್ಸ್ ಟೈರುಗಳು ಈ ಅಳತೆಯಲ್ಲಿ ಜಾಸ್ತಿ ಸಿಗುತ್ತವೆ, ಮುಂದೆಯೂ ಸಿಗುತ್ತವೆ ಅನ್ನುವ ಧೈರ್ಯ ಇದೆ. ಎರಡನೆಯದು, ನನ್ನ ಕಾರು ಸ್ವಲ್ಪ ಇಳಿಸಿದ ಸ್ಪ್ರಿಂಗ್ ಮೇಲಿದೆ, ಹಿಂದಿನ ಫೆಂಡರಿನ ಒಳ ಅಂಚಿನ ಹತ್ತಿರ ನನಗೆ ಜಾಗ ಬೇಕಿತ್ತು.

ಇದಕ್ಕೆ ಬೆಲೆ ಕೊಡಬೇಕಾಗುತ್ತದೆ, ಸುಮ್ನೆ ಬರುವುದಿಲ್ಲ. ವ್ಯಾಸ 3.8 ಶೇಕಡ ಕಡಿಮೆ ಆಯಿತು. ಮೊದಲು 3000 ಆರ್‌ಪಿಎಂನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ ಸುಮಾರು 3120 ಬೇಕು. ಸ್ಪೀಡೋಮೀಟರ್ ಮೊದಲಿಗಿಂತ ಅಷ್ಟೇ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಈ ಕಾರಿನಲ್ಲಿ ಅದು ಲೆಕ್ಕ ತೆಗೆದುಕೊಳ್ಳುವುದು ಡಿಫರೆನ್ಷಿಯಲ್‌ನಿಂದ (ಹಿಂದಿನ ಎರಡು ಚಕ್ರಕ್ಕೆ ಎಂಜಿನ್ ಶಕ್ತಿ ಹಂಚುವ ಗೇರು). ಕಾರು ನೆಲಕ್ಕೆ 11 ಮಿ.ಮೀ. ಚಿಲ್ಲರೆ ಹತ್ತಿರ ಆಗುತ್ತದೆ. ಗೇರು ಒಂಚೂರು ಗಿಡ್ಡ ಆದದ್ದು ನನಗೆ ಲಾಭವೇ, ತಿರುವಿನಿಂದ ಹೊರಬರುವಾಗ ಕಾರು ಚುರುಕಾಯಿತು. ದಿನಾ ಹೆದ್ದಾರಿಯಲ್ಲಿ ದೂರ ಓಡಿಸುವವರು 205/55ನ್ನೇ ಹಾಕಿಕೊಳ್ಳಲಿ.

16, 17 ಇಂಚು ಯಾಕೆ ಬೇಡ? 17ರ ರಿಮ್ ಹಾಕಿದರೆ ಟೈರಿನ ಗೋಡೆ ತೆಳ್ಳಗಾಗುತ್ತದೆ, ತೂಕ ಏರುತ್ತದೆ, ಆ ತೂಕ ಅಂಚಿನ ಕಡೆಗೆ ಸರಿಯುತ್ತದೆ. 80ರ ದಶಕದ ಸಸ್ಪೆನ್ಷನ್ ದಪ್ಪ ಗೋಡೆಯ ಟೈರನ್ನು ಲೆಕ್ಕಕ್ಕೆ ಹಿಡಿದೇ ಮಾಡಿದ್ದು. ಪ್ರತಿ ಗುಂಡಿಯ ಏಟೂ ಸಸ್ಪೆನ್ಷನ್ ಕೀಲುಗಳಲ್ಲಿರುವ ಹಳೆಯ ರಬ್ಬರ್ ಬುಷ್‌ಗಳಿಗೆ ನೇರವಾಗಿ ಬೀಳುತ್ತದೆ. ದೊಡ್ಡ ಬ್ರೇಕ್ ಹಾಕಿದ್ದರೆ 16 ಸರಿ. ಬರೀ ಚಂದಕ್ಕಾದರೆ ನನಗೆ ಒಪ್ಪಿಗೆ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಆಫ್‌ಸೆಟ್ಟಿನದು. ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ನಡುಭಾಗ) ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನುವುದೇ ಇಟಿ. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ನಾನು ನೋಡುತ್ತಿದ್ದದ್ದು 15 ಇಂಚಿನ, 7 ಇಂಚು ಅಗಲದ, ಇಟಿ 25ರ ರಿಮ್. ಬರೀ ರಿಮ್ ಲೆಕ್ಕ ಹಾಕಿದರೆ ಒಳಗಿನ ಅಂಚು ಸ್ಟ್ರಟ್ (ಚಕ್ರದ ಒಳಪಕ್ಕದಲ್ಲಿರುವ ಸಸ್ಪೆನ್ಷನ್ ಕಂಬ) ಕಡೆಗೆ 2.7 ಮಿ.ಮೀ. ಸರಿಯುತ್ತದೆ, ಹೊರಗಿನದು 22.7 ಹೊರಗೆ ಬರುತ್ತದೆ. ಇಷ್ಟಕ್ಕೇ ಹೆದರಿ ಕೈಬಿಡುವವರು ಇದ್ದಾರೆ. ಆದರೆ ಉಜ್ಜುವುದು ಟೈರಿನ ಹೊಟ್ಟೆ, ರಿಮ್‌ನ ಅಂಚಲ್ಲ. 195ರ ಟೈರು 6 ಇಂಚಿನ ರಿಮ್ ಮೇಲೆ ಹೆಚ್ಚುಕಮ್ಮಿ 195 ಅಗಲವೇ ಇರುತ್ತದೆ, ಅಂದರೆ ಹಬ್ ಮುಖದಿಂದ ಒಳಗೆ 132.5 ಮಿ.ಮೀ. 205/50 ಟೈರನ್ನು ಅಳೆಯುವುದು 6.5 ಇಂಚಿನ ರಿಮ್ ಮೇಲೆ, 7ರ ಮೇಲೆ ಅದು ಸುಮಾರು 210 ಆಗುತ್ತದೆ. ಅರ್ಧ 105, ಅದಕ್ಕೆ 25 ಸೇರಿಸಿ, ಒಳಗೆ 130. ಹಾಗಾಗಿ ಸ್ಟ್ರಟ್ ಹತ್ತಿರ ನನಗೆ 2.5 ಮಿ.ಮೀ. ಜಾಗ ಉಳಿಯಿತು! ಹೊರಗೆ 17.5 ಬಂತು, ನೋಡಬೇಕಾದದ್ದು ಅಲ್ಲಿ.

ಲೆಕ್ಕ ಎಷ್ಟು ಸರಿ ಇದ್ದರೂ ಕಾರಿನ ಮೇಲೆ ನೋಡದೆ ದುಡ್ಡು ಕೊಡಬಾರದು. ಪರಿಚಯದವರ ಹತ್ತಿರ ಅದೇ ಅಳತೆಯ ಒಂದು ಚಕ್ರ ಕೇಳಿ ತಂದೆ. ಒಂದು ಮೂಲೆಯ ಸ್ಪ್ರಿಂಗ್ ಬಿಚ್ಚಿ, ಚಕ್ರ ಹಾಕಿ, ಜ್ಯಾಕ್‌ನಿಂದ ಸಸ್ಪೆನ್ಷನ್ ಪೂರ್ತಿ ಮೇಲೆತ್ತಿ ನೋಡಿದೆ. ಮುಂದಿನ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿದೆ. ಮುಂದೆ ಎಲ್ಲೂ ತಾಗಲಿಲ್ಲ. ಹಿಂದೆ ಫೆಂಡರಿನ ಒಳಗೆ ಮಡಿಚಿದ ತಗಡಿನ ಅಂಚು ಟೈರಿನ ಭುಜಕ್ಕೆ ತೀರಾ ಹತ್ತಿರ ಬಂತು. ಆ ಅಂಚನ್ನು ಬಿಸಿ ಗಾಳಿ ಕೊಟ್ಟು, ನಿಧಾನಕ್ಕೆ ರೋಲರ್‌ನಿಂದ ಮೇಲಕ್ಕೆ ಮಡಿಸಿದ್ದಾಯಿತು. ಬಿಸಿ ಮಾಡದೆ ಮಡಿಸಿದರೆ ಪೇಂಟ್ ಬಿರುಕು ಬಿಡುತ್ತದೆ, ಆಮೇಲೆ ತುಕ್ಕು.

ಪಿಸಿಡಿ 4x100, ಅಂದರೆ ನಾಲ್ಕು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಇದು ಎಷ್ಟೋ ಕಾರುಗಳಲ್ಲಿ ಇದೆ, ಆದ್ದರಿಂದಲೇ ಮೋಸ ಹೋಗುವುದು ಸುಲಭ. ಇ30ಯ ನಡುರಂಧ್ರ 57.1 ಮಿ.ಮೀ. ಹೊಸ ರಿಮ್‌ನ ರಂಧ್ರ ಇದಕ್ಕಿಂತ ದೊಡ್ಡದಿದ್ದರೆ ಸಂದು ತುಂಬುವ ಸರಿಯಾದ ರಿಂಗ್ ಬೇಕು, ಇಲ್ಲದಿದ್ದರೆ ಸ್ಟೀರಿಂಗ್ ನಡುಗಬಹುದು. ಚಿಕ್ಕದಿದ್ದರೆ ಕೂರುವುದೇ ಇಲ್ಲ. ಇ30 ಎಂ3ಯ ವೀಲು ಇದಕ್ಕೆ ಬರುವುದಿಲ್ಲ, ಅದು 5x120.

ಲೋಡ್ ಇಂಡೆಕ್ಸ್ ಮರೆಯಬೇಡಿ. ಹಳೆಯದು 89 ಇದ್ದರೆ ಒಂದು ಟೈರಿಗೆ 580 ಕೆ.ಜಿ., 205/50 ಆರ್15ರಲ್ಲಿ 86 ಅಂದರೆ 530. ಕಾರಿನ ಫಲಕದಲ್ಲಿರುವ ಆಕ್ಸಲ್ ತೂಕದ ಜೊತೆ ಹೋಲಿಸಿಯೇ ತೆಗೆದುಕೊಂಡೆ. ತಯಾರಾದ ವಾರ, ವರ್ಷವನ್ನೂ ನೋಡಿದೆ: ಟೈರಿನ ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರ.

ಹಾಕಿದ ಮೇಲೆ ಸ್ಟೀರಿಂಗ್ ನಿಂತಲ್ಲಿ ತುಸು ಭಾರ ಆಯಿತು, ಗಾಡಿ ರಸ್ತೆಯ ಗೀರುಗಳನ್ನು ಹಿಂಬಾಲಿಸುವುದೂ ಮೊದಲಿಗಿಂತ ಜಾಸ್ತಿ. ಚಕ್ರ ಹೊರಗೆ ಬಂದದ್ದರ ಫಲ ಇದು. ಅಲೈನ್‌ಮೆಂಟ್ ಸರಿ ಮಾಡಿಸಿದ ಮೇಲೆ ಸಾಕಷ್ಟು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತಿರುವಿನಲ್ಲಿ ಸಿಗುವ ಭರವಸೆಗೆ ಅಷ್ಟು ಸಹಿಸಬಹುದು.

ಸ್ಟೆಪ್ನಿ ಇನ್ನೂ ಹಳೆಯ 14ರದ್ದೇ. ಹೊಸ ರಿಮ್‌ಗೆ ಉದ್ದದ ಬೋಲ್ಟ್ ಬೇಕಾಯಿತು. ಆ ಬೋಲ್ಟ್‌ನಲ್ಲಿ ಹಳೆಯ ತೆಳು ರಿಮ್ ಬಿಗಿದರೆ ಅದರ ತುದಿ ಒಳಗೆ ಹ್ಯಾಂಡ್‌ಬ್ರೇಕ್ ಶೂಗೆ ತಾಗಬಹುದು. ಅದಕ್ಕೇ ಹಳೆಯ ಬೋಲ್ಟ್‌ಗಳ ಒಂದು ಸೆಟ್ ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಜೊತೆಗೇ ಇಟ್ಟಿದ್ದೇನೆ. ವ್ಯಾಸ ಬೇರೆ ಆದ್ದರಿಂದ ಅದನ್ನು ಹಿಂದೆ ಹಾಕಿ ದೂರ ಓಡಿಸುವುದಿಲ್ಲ, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುವುದನ್ನು ತಡೆಯುವಂಥದ್ದು) ಇರುವ ಕಾರಿನಲ್ಲಂತೂ ಮಾಡಲೇಬಾರದು. ಹಿಂದಿನ ಟೈರು ಪಂಕ್ಚರ್ ಆದರೆ ಮುಂದಿನ ಒಂದನ್ನು ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಹಾಕುತ್ತೇನೆ.